ನಗರಸಭೆಯವರು ಹಿಡಿದ ನಾಯಿ ವಾರದಲ್ಲಿ ಅದೇ ಬೀದಿಗೆ ವಾಪಸ್. ಇದಕ್ಕೆ ಯಾರನ್ನು ಕೇಳಬೇಕು?

ಹಳೇಪೇಟೆ_ನಿವಾಸಿ

ನಮ್ಮದು ಒಂದು ತಾಲ್ಲೂಕು ಊರು, ನಗರಸಭೆ ಇದೆ. ಹೆಸರು ಬೇಡ. ಬೀದಿಯ ತುದಿಯಲ್ಲಿ ಕೋಳಿ ಅಂಗಡಿಗಳ ಸಾಲು, ಹಿಂದೆ ಒಂದು ಖಾಲಿ ಸೈಟು, ಅಲ್ಲಿ ನಾಯಿಗಳ ಗುಂಪು. ಬೆಳಿಗ್ಗೆ ಹಾಲಿನವನು, ಪೇಪರ್ ಹುಡುಗ, ಟ್ಯೂಷನ್‌ಗೆ ಹೋಗುವ ಮಕ್ಕಳು, ಯಾರನ್ನೂ ಬಿಡುವುದಿಲ್ಲ, ಅಟ್ಟಿಸಿಕೊಂಡು ಬರುತ್ತವೆ. ಈಚೆಗೆ ಎದುರು ಮನೆಯ ಅಜ್ಜಿಗೆ ಕಚ್ಚಿತು. ಬೀದಿಯವರೆಲ್ಲ ಸಹಿ ಹಾಕಿ ಅರ್ಜಿ ಕೊಟ್ಟೆವು. ಗಾಡಿಯೇನೋ ಬಂತು. ಬಲೆ ಹಾಕಿ ನಾಲ್ಕೈದು ಹಿಡಿದರು, ಉಳಿದವು ಓಡಿಹೋದವು. ಸರಿ ಅಂದುಕೊಂಡರೆ ವಾರ ಕಳೆಯುವುದರೊಳಗೆ ಅದೇ ಗಾಡಿ ಬಂದು ಅದೇ ನಾಯಿಗಳನ್ನು ಅದೇ ಸೈಟಿನ ಮುಂದೆ ಇಳಿಸಿ ಹೋಯಿತು! ಕೇಳಿದರೆ "ರೂಲ್ಸ್ ಇರೋದೇ ಹಂಗೆ ಸಾರ್" ಅಂದರು.

ನಗರಸಭೆಯ ಆರೋಗ್ಯ ಶಾಖೆಗೆ ಹೋದರೆ ಪಶು ಆಸ್ಪತ್ರೆಗೆ ಹೋಗಿ ಅನ್ನುತ್ತಾರೆ. ಪಶು ಆಸ್ಪತ್ರೆಯಲ್ಲಿ ಇದು ನಗರಸಭೆಯ ಕೆಲಸ ಅನ್ನುತ್ತಾರೆ. ಪೊಲೀಸರು ಇಬ್ಬರ ಹೆಸರನ್ನೂ ಹೇಳಿ ಕಳಿಸಿದರು. ಹಾಗಾದರೆ ಇದು ನಿಜಕ್ಕೂ ಯಾರ ಕೆಲಸ? ಇನ್ನೊಂದು, ಪಕ್ಕದ ಕ್ರಾಸಿನ ಮೇಡಂ ಒಬ್ಬರು ದಿನಾ ರಾತ್ರಿ ನಮ್ಮ ಗೇಟಿನ ಹತ್ತಿರ ಅನ್ನ ಹಾಕಿ ಹೋಗುತ್ತಾರೆ. ಅದನ್ನು ನಿಲ್ಲಿಸುವ ಅಧಿಕಾರ ಯಾರಿಗಾದರೂ ಇದೆಯಾ? ರಸ್ತೆ ಮಧ್ಯೆ ಮಲಗುವ ಬೀಡಾಡಿ ದನಗಳ ಕಥೆಯೂ ಇದೆ, ಅದನ್ನೂ ತಿಳಿದವರು ಹೇಳಿ. "ಪಾಪ ಮೂಕಪ್ರಾಣಿ" ಅನ್ನುವವರೂ ಬೇಡ, "ವಿಷ ಹಾಕಿ" ಅನ್ನುವವರೂ ಬೇಡ, ನಿಯಮ ಗೊತ್ತಿದ್ದವರು ಬರೆಯಿರಿ.

ಬಾಳೆಮಂಡಿ

ನಿಮ್ಮೂರಿಗೆ ಗಾಡಿಯಾದರೂ ಬಂತಲ್ಲ ಸಾರ್. ನಮ್ಮ ಪಟ್ಟಣ ಪಂಚಾಯಿತಿಯಲ್ಲಿ ಗಾಡಿಗೆ ಟೆಂಡರ್ ಕರೆದಿದ್ದೇವೆ ಅಂತ ಹೇಳುತ್ತಲೇ ಇಬ್ಬರು ಮುಖ್ಯಾಧಿಕಾರಿಗಳು ವರ್ಗವಾದರು.

ಸೂಜಿ_ಡಾಕ್ಟರ್

ನಾನು ಪಶುವೈದ್ಯ. ಕೆಲವು ವರ್ಷ ಸಂತಾನಹರಣ ಕೇಂದ್ರವೊಂದರಲ್ಲಿ ಗುತ್ತಿಗೆ ಮೇಲೆ ಕೆಲಸ ಮಾಡಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ನಿಮ್ಮ ಮುಖ್ಯ ಪ್ರಶ್ನೆ. ಇದು ನಗರಸಭೆಯ ಕೆಲಸ. ಇದರಲ್ಲಿ ಅನುಮಾನವೇ ಇಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಕೆಳಗೆ 2001ರಲ್ಲಿ ನಾಯಿಗಳ ಸಂತಾನ ನಿಯಂತ್ರಣ ನಿಯಮ ಬಂತು. 2023ರ ಮಾರ್ಚ್‌ನಲ್ಲಿ ಅದರ ಜಾಗಕ್ಕೆ ಹೊಸ ನಿಯಮ ಬಂತು. ಎಲ್ಲರೂ ಎಬಿಸಿ ರೂಲ್ಸ್ ಅನ್ನುವುದು ಇದನ್ನೇ. ಇದರ ಪ್ರಕಾರ ಬೀದಿನಾಯಿಗೆ ಆಪರೇಷನ್ ಮಾಡಿಸಿ ಲಸಿಕೆ ಹಾಕಿಸುವ ಹೊಣೆ ಸ್ಥಳೀಯ ಸಂಸ್ಥೆಯದ್ದು. ನಗರಸಭೆ ತಾನೇ ಮಾಡಬಹುದು ಅಥವಾ ಸಂಸ್ಥೆಯೊಂದಕ್ಕೆ ಗುತ್ತಿಗೆ ಕೊಡಬಹುದು. ಯಾರೇ ಮಾಡಿದರೂ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಪತ್ರ ಬೇಕು. ಆ ಪತ್ರ ಇಲ್ಲದವರು ನಾಯಿ ಹಿಡಿಯುವ ಹಾಗೇ ಇಲ್ಲ. ಪಶುಪಾಲನಾ ಇಲಾಖೆಯವರು ಇದರ ಉಸ್ತುವಾರಿ ಸಮಿತಿಯಲ್ಲಿ ಕೂರುತ್ತಾರೆ, ಸಲಹೆ ಕೊಡುತ್ತಾರೆ, ಅಷ್ಟೇ. ಹಾಗಾಗಿ ಪಶು ಆಸ್ಪತ್ರೆಯವರು ನಿಮಗೆ ಹೇಳಿದ್ದು ಸರಿ.

ಇನ್ನು ವಾಪಸ್ ಬಿಟ್ಟಿದ್ದು. ಗಾಡಿಯವನು ಹೇಳಿದ್ದು ನಿಜ, ಹಿಡಿದ ಜಾಗದಲ್ಲೇ ಬಿಡಬೇಕು ಅಂತಲೇ ನಿಯಮ ಇದೆ. ಹಿಡಿಯುವ ಮೊದಲು ಬೀದಿಯವರಿಗೆ ಬ್ಯಾನರ್ ಹಾಕಿಯೋ ಕೂಗಿಯೋ ತಿಳಿಸಬೇಕು. ಎಲ್ಲಿ ಹಿಡಿದೆ ಅಂತ ಬರೆದುಕೊಂಡು ನಾಯಿಗೆ ನಂಬರ್ ಹಾಕಬೇಕು. ಆಪರೇಷನ್ ಆದ ಮೇಲೆ ಕನಿಷ್ಠ 4 ದಿನ ಇಟ್ಟುಕೊಂಡು ಹೊಲಿಗೆ ನೋಡಬೇಕು, ರೇಬಿಸ್ ಲಸಿಕೆ ಹಾಕಬೇಕು, ಕಿವಿಯ ತುದಿಯಲ್ಲಿ ಇಂಗ್ಲಿಷ್ 'ವಿ' ಆಕಾರದ ಕಚ್ಚು ಹಾಕಬೇಕು. ಎಲ್ಲ ಲೆಕ್ಕ ಹಾಕಿದರೆ ಸುಮಾರು ವಾರ ಆಗುತ್ತದೆ. ನಿಮ್ಮ ಗಾಡಿ ಬಂದಿದ್ದು ಸರಿಯಾದ ಸಮಯಕ್ಕೇ.

ಆದರೆ ಈಗ ಹೋಗಿ ಆ ನಾಯಿಗಳ ಕಿವಿ ನೋಡಿ. ಕಚ್ಚು ಇದೆಯಾ? ಇದ್ದರೆ ಕೆಲಸ ಆಗಿದೆ. ಇಲ್ಲದಿದ್ದರೆ ಗಾಡಿಯಲ್ಲಿ ಊರು ಸುತ್ತಿಸಿ ತಂದು ಬಿಟ್ಟಿದ್ದಾರೆ ಅಂತ ಅರ್ಥ. ಫೋಟೋ ತೆಗೆದಿಟ್ಟುಕೊಳ್ಳಿ.

ಅಲ್ಲೇ ಯಾಕೆ ಬಿಡಬೇಕು ಅಂತ ಎಲ್ಲರೂ ಸಿಟ್ಟಿನಿಂದ ಕೇಳುತ್ತಾರೆ. ನಾಯಿಗೆ ತನ್ನ ಜಾಗ ಅಂತ ಇರುತ್ತದೆ, ಹೊಸ ನಾಯಿಯನ್ನು ಒಳಗೆ ಬಿಡುವುದಿಲ್ಲ. ಲಸಿಕೆ ಆದ ನಾಯಿಯನ್ನು ತೆಗೆದು ಊರಾಚೆ ಬಿಟ್ಟರೆ, ಕೋಳಿ ಅಂಗಡಿ ಇರುವ ಜಾಗ ಖಾಲಿ ಉಳಿಯುತ್ತದಾ? ಪಕ್ಕದ ಬೀದಿಯ ಲಸಿಕೆ ಇಲ್ಲದ ನಾಯಿ ಬರುತ್ತದೆ. ಇದು ಸರಿಯಾದ ತರ್ಕ, ನಾನು ಒಪ್ಪುತ್ತೇನೆ. ಆದರೆ ಒಂದು ಷರತ್ತಿದೆ. ಒಂದು ಬಡಾವಣೆ ಹಿಡಿದರೆ ಅಲ್ಲಿನ ನೂರರಲ್ಲಿ ಕನಿಷ್ಠ 70 ನಾಯಿಗಳಿಗಾದರೂ ಆಗಬೇಕು, ಅದೂ ಬೇಗ ಬೇಗ. ಹೆಣ್ಣು ನಾಯಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತದೆ, ಗರ್ಭ ಕಟ್ಟಿದರೆ ಎರಡೇ ತಿಂಗಳಿಗೆ ಮರಿ. ನಮ್ಮಲ್ಲಿ ನಡೆಯುವುದು ಏನು? ದೂರು ಬಂದ ಕಡೆ ಗಾಡಿ ಹೋಗುತ್ತದೆ. ಈ ಬೀದಿಯಲ್ಲಿ ನಾಲ್ಕು, ಆ ವಾರ್ಡ್‌ನಲ್ಲಿ ಐದು. ಬಲೆಗೆ ಸಿಗುವುದು ಬಾಲ ಅಲ್ಲಾಡಿಸಿಕೊಂಡು ಹತ್ತಿರ ಬರುವ ಸಾಧು ನಾಯಿಗಳು. ಮರಿ ಹಾಕಿಕೊಂಡು ಜನರ ಮೇಲೆ ಎಗರುವ ತಾಯಿ ಗಾಡಿಯ ಸದ್ದು ಕೇಳಿದರೇ ಮಾಯ. ಹೀಗೆ ಮಾಡಿದರೆ ಹತ್ತು ವರ್ಷ ಆದರೂ ಸಂಖ್ಯೆ ಇಳಿಯುವುದಿಲ್ಲ.

ಒಟ್ಟಾಗಿ ಮಾಡಿದರೆ ಇಳಿಯುತ್ತದೆ. ಬೆಂಗಳೂರಿನಲ್ಲಿ 2019ರ ಗಣತಿಯಲ್ಲಿ 3.1 ಲಕ್ಷದಷ್ಟು ಬೀದಿನಾಯಿ ಇದ್ದವು, 2023ರಲ್ಲಿ 2.79 ಲಕ್ಷ. ಆಪರೇಷನ್ ಆದ ನಾಯಿಗಳ ಪ್ರಮಾಣ ಶೇ 51ರಿಂದ ಶೇ 71ಕ್ಕೆ ಏರಿತ್ತು. ನಾಲ್ಕು ವರ್ಷಕ್ಕೆ ಇಷ್ಟೇನಾ ಅಂತ ನಗಬಹುದು, ಆದರೂ ಇಳಿದಿದ್ದು ಇಳಿದಿದ್ದೇ.

ಸುಪ್ರೀಂ ಕೋರ್ಟ್ ವಿಷಯದಲ್ಲಿ ಜನ ಗೊಂದಲ ಮಾಡಿಕೊಂಡಿದ್ದಾರೆ. 2025ರ ಆಗಸ್ಟ್ 11ರಂದು ದೆಹಲಿಯ ಎಲ್ಲ ನಾಯಿಗಳನ್ನೂ ಹಿಡಿದು ಶೆಲ್ಟರ್‌ಗೆ ಹಾಕಿ ಅಂದಿದ್ದು ನಿಜ. ಆಗಸ್ಟ್ 22ಕ್ಕೆ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಬದಲಿಸಿತು. ಆಪರೇಷನ್, ಲಸಿಕೆ ಆದ ನಾಯಿಯನ್ನು ಅದೇ ಜಾಗಕ್ಕೆ ಬಿಡಬೇಕು, ರೇಬಿಸ್ ಇರುವುದನ್ನೂ ಜನರ ಮೇಲೆ ಎರಗುವುದನ್ನೂ ಬಿಡಬಾರದು ಅಂತ ಹೇಳಿತು. ನವೆಂಬರ್ 7ಕ್ಕೆ ಇನ್ನೊಂದು ಆದೇಶ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣ, ಕ್ರೀಡಾಂಗಣ ಇವುಗಳ ಒಳಗಿನ ನಾಯಿಯನ್ನು ಮಾತ್ರ ಹಿಡಿದ ಮೇಲೆ ಅಲ್ಲಿಗೇ ವಾಪಸ್ ಬಿಡುವಂತಿಲ್ಲ. ನಿಮ್ಮ ಖಾಲಿ ಸೈಟು ಈ ಪಟ್ಟಿಯಲ್ಲಿ ಬರುವುದಿಲ್ಲ. ಆದರೆ ಅಜ್ಜಿಗೆ ಕಚ್ಚಿದ ನಾಯಿ ಯಾವುದು ಅಂತ ಗೊತ್ತಿದ್ದರೆ ಅದರ ಬಗ್ಗೆಯೇ ಬೇರೆ ದೂರು ಕೊಡಿ. ಗುಂಪಿನ ಮೇಲೆ ಕೊಟ್ಟರೆ ಗುಂಪಿನ ನಿಯಮವೇ ನಡೆಯುತ್ತದೆ. ಕಚ್ಚಿದ ನಾಯಿಯನ್ನು ಪ್ರತ್ಯೇಕ ಇಟ್ಟು 10 ದಿನ ನೋಡಬೇಕು.

ರಾತ್ರಿ_ಅನ್ನದಾತೆ

ನಾನು ನಿಮ್ಮ ಊರಿನವಳಲ್ಲ, ಆದರೆ ನಾನೂ ನಾಯಿಗಳಿಗೆ ಹಾಕುವವಳೇ. ಆ ಮೇಡಂ ನಿಮ್ಮ ಗೇಟಿನ ಮುಂದೆ ಹಾಕುವುದು ತಪ್ಪು, ಸುಮ್ನೆ ಸಮರ್ಥಿಸುವುದಿಲ್ಲ. ಎಬಿಸಿ ನಿಯಮದಲ್ಲೇ ಇದೆ, ಮಕ್ಕಳು ಆಡುವ ಕಡೆ, ಮೆಟ್ಟಿಲು, ಹೋಗಿಬರುವ ಬಾಗಿಲ ಹತ್ತಿರ ಹಾಕಬಾರದು. ಬಡಾವಣೆಯ ಸಂಘ ಜಾಗ ಗುರುತು ಮಾಡಿಕೊಡಬೇಕು. ಆಗಸ್ಟ್ 22ರ ಆದೇಶದ ಮೇಲೆ ಅದು ಇನ್ನೂ ಬಿಗಿಯಾಯಿತು, ಸಿಕ್ಕಸಿಕ್ಕ ಬೀದಿಯಲ್ಲಿ ಹಾಕುವಂತಿಲ್ಲ, ವಾರ್ಡ್‌ಗೆ ಒಂದೊಂದು ಜಾಗ ಸ್ಥಳೀಯ ಸಂಸ್ಥೆಯೇ ತೋರಿಸಬೇಕು, ಆ ಜಾಗದಲ್ಲಷ್ಟೇ ಹಾಕಬೇಕು.

ಈಗ ನನ್ನ ಕಡೆಯ ಮಾತು. ಜಾಗ ತೋರಿಸಿ ಅಂತ ನಾವು ಕೇಳಿದರೆ ತೋರಿಸುವುದಿಲ್ಲ. ಯಾವ ವಾರ್ಡ್ ಮೆಂಬರ್ ತನ್ನ ವೋಟಿನ ಬೀದಿಯಲ್ಲಿ "ಇಲ್ಲಿ ನಾಯಿಗೆ ಊಟ ಹಾಕಿ" ಅಂತ ಬೋರ್ಡ್ ಹಾಕಿಸುತ್ತಾನೆ ಹೇಳಿ? ಕೊನೆಗೆ ದಂಡದ ಮಾತು ನಮ್ಮ ಮೇಲೆ. ಬೆಂಗಳೂರಿನಲ್ಲಿ 2025ರ ಜುಲೈನಲ್ಲಿ ಸುಮಾರು 5,000 ನಾಯಿಗಳಿಗೆ ಪಾಲಿಕೆಯೇ ಕೋಳಿ ಅನ್ನ ಹಾಕುತ್ತದೆ, ವರ್ಷಕ್ಕೆ 2.88 ಕೋಟಿ ಅಂತ ಯೋಜನೆ ಬಂದಾಗ ಟಿವಿಯವರೆಲ್ಲ "ನಮಗೇ ಬಿರಿಯಾನಿ ಇಲ್ಲ" ಅಂತ ಕುಣಿದರು. ಅದರ ಹಿಂದಿನ ಯೋಚನೆ ಕೆಟ್ಟದ್ದಲ್ಲ. ಒಂದೇ ಜಾಗದಲ್ಲಿ ಒಂದೇ ಹೊತ್ತಿಗೆ ತಿನ್ನುವ ನಾಯಿಯನ್ನು ಹಿಡಿಯುವುದು ಸುಲಭ. ಆ ಡಾಕ್ಟರ್ ಹೇಳಿದ ಗಾಡಿಗೆ ಸಿಗದ ತಾಯಿ ನಾಯಿ ಇದೆಯಲ್ಲ, ಅದು ನನ್ನ ಹತ್ತಿರ ಬರುತ್ತದೆ. ನಾನು ಎತ್ತಿ ಗಾಡಿಗೆ ಕೊಟ್ಟಿದ್ದೇನೆ. ಅನ್ನ ಹಾಕುವವರ ಜೊತೆ ಜಗಳ ಆಡುವ ಬದಲು ಹಿಡಿಯುವ ದಿನ ಅವರನ್ನು ಕರೆಯಿರಿ, ಎರಡು ಗಂಟೆಯಲ್ಲಿ ಬೀದಿಯೆಲ್ಲ ಮುಗಿಯುತ್ತದೆ.

ಬಾಳೆಮಂಡಿ

ಮೇಡಂ ಹೇಳುವುದು ಸರಿ ಇರಬಹುದು. ಆದರೆ ನನ್ನ ಮಗನಿಗೆ ಕಚ್ಚಿದ ದಿನ ಅನ್ನ ಹಾಕುವವರು ಯಾರೂ ಆಸ್ಪತ್ರೆಗೆ ಬರಲಿಲ್ಲ.

ನಿವೃತ್ತ_ಎಚ್‌ಐ

ಆರೋಗ್ಯ ನಿರೀಕ್ಷಕನಾಗಿ ಮೂರು ಊರುಗಳಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಡಾಕ್ಟರ್ ನಿಯಮ ಹೇಳಿದ್ದಾರೆ, ನಾನು ಕಚೇರಿ ಒಳಗಿನ ಕಥೆ ಹೇಳುತ್ತೇನೆ.

ನಗರಸಭೆಯಲ್ಲಿ ನಾಯಿಗೆ ಅಂತ ಪ್ರತ್ಯೇಕ ಹುದ್ದೆ ಇಲ್ಲ. ಕಸ, ಚರಂಡಿ, ಸೊಳ್ಳೆ, ಟ್ರೇಡ್ ಲೈಸೆನ್ಸ್, ಜಾತ್ರೆಯ ಬಂದೋಬಸ್ತು ಇಷ್ಟೂ ನೋಡುವ ಎಚ್‌ಐ ತಲೆಗೇ ಇದೂ. ದುಡ್ಡು ಪ್ರತಿ ನಾಯಿಗೆ ಇಷ್ಟು ಅಂತ ಕೊಡುತ್ತಾರೆ. ಕೇಂದ್ರದ ಯೋಜನೆಯಲ್ಲಿ ನಾಯಿಗೆ 800 ರೂಪಾಯಿ ಇದೆ. ಆ ದುಡ್ಡಿನಲ್ಲಿ ಹಿಡಿಯುವುದು, ಸಾಗಿಸುವುದು, ಅರಿವಳಿಕೆ, ಆಪರೇಷನ್, ಊಟ, ವಾಪಸ್ ಬಿಡುವುದು ಎಲ್ಲ ಆಗಬೇಕು ಅಂದರೆ ಯೋಚನೆ ಮಾಡಿ. ಊರಿನಲ್ಲಿ ಆಪರೇಷನ್ ಕೇಂದ್ರ ಇಲ್ಲದಿದ್ದರೆ ಪಕ್ಕದ ಜಿಲ್ಲೆಗೆ ಸಾಗಿಸಬೇಕು. ಟೆಂಡರ್ ಕರೆದರೆ ಒಬ್ಬನೂ ಬರುವುದಿಲ್ಲ. ಬಂದವನು ಕಡಿಮೆ ದರಕ್ಕೆ ಹಿಡಿದು ಆಮೇಲೆ 4 ದಿನದ ಜಾಗದಲ್ಲಿ ಎರಡೇ ದಿನ ಇಟ್ಟು ಬಿಡುತ್ತಾನೆ.

ಬಿಲ್ ಪಾಸು ಮಾಡಲು ಲೆಕ್ಕ ಹೇಗೆ ಗೊತ್ತಾ? ತೆಗೆದ ಗರ್ಭಕೋಶ, ಬೀಜಗಳನ್ನು ಫಾರ್ಮಾಲಿನ್ ಡ್ರಮ್ಮಿನಲ್ಲಿ ಹಾಕಿಡುತ್ತಾರೆ. ಸಮಿತಿಯವರು ಬಂದು ಎಣಿಸಿ ಸಹಿ ಹಾಕಬೇಕು, ಆಮೇಲೆ ಸುಡಬೇಕು. ಆ ವಾಸನೆಗೆ ಹೆದರಿ ಎಣಿಸದೇ ಸಹಿ ಹಾಕಿದವರನ್ನು ನೋಡಿದ್ದೇನೆ, ಹೆಸರು ಬೇಡ. ಪೌರಾಯುಕ್ತರೇ ಅಧ್ಯಕ್ಷರಾದ ಉಸ್ತುವಾರಿ ಸಮಿತಿ ಅಂತ ಇರಬೇಕು, ಅದರ ಸಭೆ ನಡೆಯುತ್ತಿರಬೇಕು, ನಡಾವಳಿ ಬರೆದಿಡಬೇಕು. ನೀವು ಹೊಡೆಯಬೇಕಾದ ಜಾಗ ಇದೇ. "ನಾಯಿ ಕಾಟ ತಪ್ಪಿಸಿ" ಅಂತ ಅರ್ಜಿ ಕೊಟ್ಟರೆ ಗಾಡಿ ಬರುತ್ತದೆ, ಹೋಗುತ್ತದೆ, "ಕ್ರಮ ಕೈಗೊಳ್ಳಲಾಗಿದೆ" ಅಂತ ಹಿಂಬರಹ ಬರುತ್ತದೆ, ಫೈಲು ಮುಗಿಯಿತು. ಮಾಹಿತಿ ಹಕ್ಕಿನಲ್ಲಿ ಕಾಗದ ಕೇಳಿ. ಗುತ್ತಿಗೆದಾರನ ಮಾನ್ಯತೆ ಪತ್ರ, ಸಮಿತಿಯ ನಡಾವಳಿ, ನಿಮ್ಮ ವಾರ್ಡ್‌ನಲ್ಲಿ ಹಿಡಿದ ಮತ್ತು ಬಿಟ್ಟ ನಾಯಿಗಳ ರಿಜಿಸ್ಟರ್. ಅದು ಟೇಬಲ್ ಮೇಲೆ ಬಂದ ದಿನ ಎಲ್ಲರೂ ಎದ್ದು ಕೂರುತ್ತಾರೆ.

ಕೋಳಿ ಅಂಗಡಿ ಬಗ್ಗೆ ಯಾರೂ ಕೇಳಲಿಲ್ಲವಲ್ಲ! ನಾಯಿಗೆ ನೋಟಿಸ್ ಕೊಡಲು ಆಗುವುದಿಲ್ಲ, ಅಂಗಡಿಯವನಿಗೆ ಕೊಡಬಹುದು. ಟ್ರೇಡ್ ಲೈಸೆನ್ಸ್ ಕೊಡುವುದೇ ನಗರಸಭೆ, ನವೀಕರಣ ನಿಲ್ಲಿಸುವುದೂ ಅವರೇ. ಹಿಂದಿನ ಸೈಟಿಗೆ ಪುಕ್ಕ, ಕರುಳು ಎಸೆಯುವುದನ್ನು ಫೋಟೋ ತೆಗೆದು ದೂರು ಕೊಡಿ, ಸೈಟಿನ ಮಾಲೀಕನಿಗೂ ನೋಟಿಸ್ ಕೊಡಲು ಹೇಳಿ. ನನ್ನ ಸರ್ವೀಸಿನಲ್ಲಿ ನಾಯಿ ಕಡಿಮೆಯಾಗಿದ್ದು ನಾನು ನೋಡಿದ್ದು ಅಂಗಡಿಗಳ ತ್ಯಾಜ್ಯಕ್ಕೆ ದಿನಾ ಗಾಡಿ ಕಳಿಸಿದ ಮೇಲೆಯೇ. ವಾರ್ಡ್ ಮೆಂಬರ್ ಫೋನ್ ಬರುತ್ತದೆ, ಬರಲಿ.

ದನದ ವಿಷಯ ಬೇರೆ. ಅದಕ್ಕೆ ಮಾಲೀಕ ಇದ್ದಾನೆ. 1966ರ ಕರ್ನಾಟಕ ಜಾನುವಾರು ಅತಿಕ್ರಮ ಕಾಯ್ದೆ ಇದೆ, ದೊಡ್ಡಿಗೆ ಕಟ್ಟಿಹಾಕಿ ದಂಡ ಕಟ್ಟಿಸಿಕೊಂಡು ಬಿಡಬಹುದು. ಹಳಬರಿಗೆ ದೊಡ್ಡಿ ನೆನಪಿರುತ್ತದೆ. ಈಗ ಎಷ್ಟೋ ಕಡೆ ದೊಡ್ಡಿಯ ಜಾಗದಲ್ಲಿ ಮಳಿಗೆ ಎದ್ದಿವೆ. ಹಾಲು ಕರೆದು ಬೀದಿಗೆ ಬಿಡುವವನ ದನ ಹಿಡಿದರೆ ಅರ್ಧ ಗಂಟೆಯಲ್ಲಿ ಮೇಲಿನಿಂದ ಫೋನ್. ಪ್ರಾಣಿ ಹಿಂಸೆ ಕಾಯ್ದೆಯ ದಂಡವಂತೂ ಮೊದಲ ಸಲಕ್ಕೆ 10ರಿಂದ 50 ರೂಪಾಯಿ. 1960ರಲ್ಲಿ ಅದು ದುಡ್ಡು, ಈಗ ಎರಡು ಕಾಫಿ. ಹೆದ್ದಾರಿಯ ದನಗಳನ್ನು ತೆಗೆಸಿ ಅಂತ ನವೆಂಬರ್ 7ರ ಆದೇಶದಲ್ಲೇ ಇದೆ, ನಿಮ್ಮ ರಸ್ತೆ ಹೆದ್ದಾರಿಯಾದರೆ ಅದನ್ನು ಉಲ್ಲೇಖಿಸಿ ಬರೆಯಿರಿ.

ಬೋ_ನದಿ_ದಂಡೆ

ಮೂಲ ಹಾಸನ ಕಡೆ, ಈಗ ಕೆನಡಾದ ಕ್ಯಾಲ್ಗರಿಯಲ್ಲಿದ್ದೇನೆ. "ಫಾರಿನ್ನಲ್ಲಿ ಹೆಂಗೆ" ಅಂತ ಯಾರಾದರೂ ಕೇಳುವ ಮೊದಲೇ ಬರೆಯುತ್ತೇನೆ. ಇಲ್ಲಿ ಪ್ರಾಣಿಗಳ ವಿಭಾಗ ನಗರಾಡಳಿತದ್ದೇ. ಮೂರು ತಿಂಗಳು ದಾಟಿದ ಪ್ರತಿ ನಾಯಿಗೂ ಬೆಕ್ಕಿಗೂ ಲೈಸೆನ್ಸ್ ಬೇಕು. ಇಲ್ಲದಿದ್ದರೆ 250 ಡಾಲರ್ ದಂಡ. ಮಜಾ ಏನೆಂದರೆ ಜನ ದಂಡಕ್ಕೆ ಹೆದರಿ ಮಾಡಿಸುವುದಕ್ಕಿಂತ ಉಪಯೋಗ ಇದೆ ಅಂತ ಮಾಡಿಸುತ್ತಾರೆ. ಲೈಸೆನ್ಸ್ ಇರುವ ನಾಯಿ ತಪ್ಪಿಸಿಕೊಂಡರೆ ಅಧಿಕಾರಿಯೇ ಗಾಡಿಯಲ್ಲಿ ಮನೆಗೆ ತಂದು ಬಿಡುತ್ತಾನೆ. ಆ ಲೈಸೆನ್ಸ್ ದುಡ್ಡಿನಿಂದಲೇ ಶೆಲ್ಟರ್ ನಡೆಯುತ್ತದೆ. 311ಕ್ಕೆ ಫೋನ್ ಮಾಡಿದರೆ ದೂರು ದಾಖಲು, ಒಬ್ಬರಿಂದ ಒಬ್ಬರಿಗೆ ಅಲೆಯುವುದಿಲ್ಲ. ಕಚ್ಚಿದ ನಾಯಿಯ ಮೇಲೆ ವಿಚಾರಣೆ ನಡೆದು ಅಪಾಯಕಾರಿ ಅಂತ ತೀರ್ಮಾನವಾದರೆ ಮೂತಿಗೆ ಕುಕ್ಕೆ, ಜಾಸ್ತಿ ಶುಲ್ಕ. ತಳಿ ನೋಡಿ ನಿಷೇಧ ಮಾಡುವುದಿಲ್ಲ. ನಮ್ಮಲ್ಲಿ 2024ರ ಮಾರ್ಚ್‌ನಲ್ಲಿ ಕೇಂದ್ರದವರು 23 ತಳಿ ನಿಷೇಧಿಸಿ ಅಂತ ಸುತ್ತೋಲೆ ಹೊರಡಿಸಿ, ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತಲ್ಲ, ಆಗ ನನಗೆ ಇಲ್ಲಿನದ್ದು ನೆನಪಾಗಿತ್ತು.

ಆದರೆ ಇದನ್ನು ಹಾಗೇ ಎತ್ತಿ ನಮ್ಮೂರಿಗೆ ತರಲು ಆಗುವುದಿಲ್ಲ. ಇಲ್ಲಿ ಪ್ರತಿ ನಾಯಿಗೂ ಒಬ್ಬ ಮಾಲೀಕ ಇದ್ದಾನೆ, ದಂಡ ಯಾರಿಗೆ ಹಾಕಬೇಕು ಅಂತ ಗೊತ್ತು. ಬೀದಿನಾಯಿಯೇ ಇಲ್ಲದ ಊರಿನ ಪಾಠ ಎಷ್ಟು ದೂರ ನಡೆಯುತ್ತದೆ? ಸಾಕಿದ ನಾಯಿ ಮುದಿಯಾದಾಗ ಬೀದಿಗೆ ಬಿಡುವವರ ವಿಷಯಕ್ಕೆ ಮಾತ್ರ ಈ ಲೈಸೆನ್ಸ್ ನಮ್ಮಲ್ಲೂ ಬೇಕು.

ಹಳೇಪೇಟೆ_ನಿವಾಸಿ

ಎಲ್ಲರಿಗೂ ಧನ್ಯವಾದ. ಕಿವಿ ನೋಡಿದೆ. ಮೂರಕ್ಕೆ ಕಚ್ಚು ಇದೆ, ಒಂದಕ್ಕೆ ಇಲ್ಲ, ಇನ್ನೊಂದು ಹತ್ತಿರ ಬರಲು ಬಿಡಲಿಲ್ಲ. ಅಜ್ಜಿಗೆ ಎರಡು ಇಂಜೆಕ್ಷನ್ ಆಗಿದೆ, "ಸಾಕು ಬಿಡಪ್ಪ" ಅನ್ನುತ್ತಿದ್ದಾರೆ. ಪರಿಹಾರ ಸಿಗುತ್ತದೆ ಅಂತಾರಲ್ಲ, ನಿಜವಾ? ನಮ್ಮ ಹುಡುಗರು ಕೆಲವರು ಇನ್ನೂ ವಿಷದ ಮಾತು ಆಡುತ್ತಿದ್ದಾರೆ.

ಸೂಜಿ_ಡಾಕ್ಟರ್

ಅಜ್ಜಿಯನ್ನು ಇವತ್ತೇ ಕರೆದುಕೊಂಡು ಹೋಗಿ! ಎರಡಕ್ಕೆ ನಿಲ್ಲಿಸಬಾರದು. ಚರ್ಮದೊಳಗೆ ಕೊಡುವ ಕ್ರಮದಲ್ಲಿ ಮೊದಲ ದಿನವನ್ನು ಸೊನ್ನೆ ಅಂತ ಇಟ್ಟರೆ 0, 3, 7, 28ನೇ ದಿನ. ತಡವಾಗಿದ್ದರೂ ಹೋಗಿ, ಮುಂದೆ ಹೇಗೆ ಅಂತ ಅಲ್ಲಿನ ಡಾಕ್ಟರ್ ಹೇಳುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ರೇಬಿಸ್ ಲಕ್ಷಣ ಶುರುವಾದರೆ ಉಳಿಸುವ ಔಷಧಿ ಇಲ್ಲ, ಇದರಲ್ಲಿ ಸಲಿಗೆ ಬೇಡ.

ಪರಿಹಾರ ಇದೆ. 2025ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರ ಬೀದಿನಾಯಿ ಕಚ್ಚಿ ಗಾಯವಾದರೆ 5,000 ರೂಪಾಯಿ, ಸತ್ತರೆ ಕುಟುಂಬಕ್ಕೆ 5 ಲಕ್ಷ ಅಂತ ಪ್ರಕಟಿಸಿತು. 5,000ದಲ್ಲಿ ಕೈಗೆ ಬರುವುದು 3,500, ಉಳಿದದ್ದು ಚಿಕಿತ್ಸೆಗಾಗಿ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ಗೆ ಹೋಗುತ್ತದೆ. ಆಸ್ಪತ್ರೆಯ ಚೀಟಿಗಳನ್ನು ಎಸೆಯಬೇಡಿ.

ಹುಡುಗರಿಗೆ ಹೇಳಿ, ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ ಪ್ರಾಣಿಗೆ ವಿಷ ಹಾಕಿ ಕೊಂದರೆ 5 ವರ್ಷದವರೆಗೂ ಜೈಲು ಆಗಬಹುದು. ಅದೂ ಅಲ್ಲದೆ ವಿಷಕ್ಕೆ ಸಾಯುವುದು ಮೊದಲು ಕಿವಿಗೆ ಕಚ್ಚು ಹಾಕಿಸಿಕೊಂಡ ಸಾಧು ನಾಯಿಗಳೇ.

ಹಳೇಪೇಟೆ_ನಿವಾಸಿ

ಅಜ್ಜಿಯನ್ನು ಕರೆದುಕೊಂಡು ಹೋಗಿ ಬಂದೆವು. ಮಾಹಿತಿ ಹಕ್ಕಿನ ಅರ್ಜಿ ಹೀಗೆ ಬರೆದಿದ್ದೇನೆ, ನಿವೃತ್ತ ಎಚ್‌ಐ ಸಾರ್ ಒಮ್ಮೆ ನೋಡಿ: "1. ಬೀದಿನಾಯಿ ಹಿಡಿಯುವ ಗುತ್ತಿಗೆ ಪಡೆದ ಸಂಸ್ಥೆಯ ಮಾನ್ಯತೆ ಪತ್ರದ ಪ್ರತಿ. 2. ಉಸ್ತುವಾರಿ ಸಮಿತಿಯ ಕಳೆದ ಒಂದು ವರ್ಷದ ಸಭಾ ನಡಾವಳಿ. 3. ನಮ್ಮ ವಾರ್ಡ್‌ನಲ್ಲಿ ಹಿಡಿದ, ಬಿಟ್ಟ ನಾಯಿಗಳ ರಿಜಿಸ್ಟರ್ ಪ್ರತಿ. 4. ಕಿವಿ ಕಚ್ಚು ಇಲ್ಲದೆ ನಾಯಿ ಬಿಟ್ಟಿದ್ದು ಯಾಕೆ? 5. ಕೋಳಿ ಅಂಗಡಿಗಳ ಟ್ರೇಡ್ ಲೈಸೆನ್ಸ್ ವಿವರ."

ನಿವೃತ್ತ_ಎಚ್‌ಐ

ನಾಲ್ಕನೆಯದು ತೆಗೆಯಿರಿ. "ಯಾಕೆ" ಅಂತ ಕೇಳಿದರೆ ಅದು ಮಾಹಿತಿ ಅಲ್ಲ ಅಂತ ವಾಪಸ್ ಕಳಿಸುತ್ತಾರೆ. ಅದನ್ನು ಫೋಟೋ ಜೊತೆ ಪೌರಾಯುಕ್ತರಿಗೆ ಬೇರೆ ದೂರು ಮಾಡಿ, ಒಂದು ಪ್ರತಿ ಜಿಲ್ಲಾಧಿಕಾರಿಗೆ. ಐದನೆಯದೂ ಇದರಲ್ಲಿ ಬೇಡ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಕೋಳಿ ಅಂಗಡಿಗೆ ಇನ್ನೊಂದು ಅರ್ಜಿ ಹಾಕಿ, ಇನ್ನೊಂದು 10 ರೂಪಾಯಿಯ ಪೋಸ್ಟಲ್ ಆರ್ಡರ್. ಸ್ವೀಕೃತಿ ಮೇಲೆ ತಾರೀಕು, ಸೀಲು ಹಾಕಿಸಿಕೊಳ್ಳುವುದು ಮರೆಯಬೇಡಿ, 30 ದಿನ ಅಲ್ಲಿಂದ ಎಣಿಕೆ.